ಧ್ವನಿಯಲ್ಲಿ ಆಟ ತೋರಿದವರು

ಫಾಸ್ಟರ್ ಹ್ಯೂಯಿಟ್ ಅವರು 1902ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಜನಿಸಿದರು. ಅವರ ತಂದೆ ಪತ್ರಿಕೆಯೊಂದರ ಕ್ರೀಡಾ ಸಂಪಾದಕರು. ಆ ಪತ್ರಿಕೆಯ ಬಾನುಲಿ ಕೇಂದ್ರವು 1923ರಲ್ಲಿ ತರುಣ ಹ್ಯೂಯಿಟರಿಗೆ ಹಾಕಿ ಪಂದ್ಯವೊಂದರ ವೀಕ್ಷಕ ವಿವರಣೆಯ ಹೊಣೆಯನ್ನು ವಹಿಸಿತು. ಕೆನಡಾದ ಹಾಕಿ ಹುಲ್ಲಿನ ಮೇಲಲ್ಲ, ಮಂಜುಗಡ್ಡೆಯ ಮೇಲೆ ಮಿಂಚಿನಂತೆ ಸಾಗುವ ಆಟ. ಹ್ಯೂಯಿಟರಿಗೆ ದೊರೆತುದು ಇಕ್ಕಟ್ಟಾದ ಗಾಜಿನ ಗೂಡು ಮತ್ತು ಒಂದು ದೂರವಾಣಿ. ಉಸಿರಿನ ಆವಿಯಿಂದ ಗಾಜು ಮಸುಕಾದರೂ ಅವರು ಮಾತು ನಿಲ್ಲಿಸಲಿಲ್ಲ.

1931ರಲ್ಲಿ ಟೊರಾಂಟೊದಲ್ಲಿ ಭವ್ಯವಾದ ಕ್ರೀಡಾಂಗಣವೊಂದು ತಲೆಯೆತ್ತಿತು. ಅಲ್ಲಿ ಆಟದಂಗಳದಿಂದ 56 ಅಡಿ ಎತ್ತರದಲ್ಲಿ ತೂಗುತ್ತಿದ್ದ ಅಟ್ಟವೇ ಅವರ ಪೀಠವಾಯಿತು. ಚಳಿಗಾಲದ ಶನಿವಾರ ರಾತ್ರಿಗಳಲ್ಲಿ ದೂರದ ಹಳ್ಳಿಗಳ ಜನರೂ ಬಾನುಲಿಯ ಸುತ್ತ ನೆರೆದು, ಕಾಣದ ಆಟವನ್ನು ಅವರ ಧ್ವನಿಯಲ್ಲಿ ಕಂಡರು.

1952ರಲ್ಲಿ ಟೊರಾಂಟೊದ ಪಂದ್ಯಗಳು ದೂರದರ್ಶನದಲ್ಲಿ ಮೂಡತೊಡಗಿದವು. ಆಟ ಕಣ್ಣಿಗೆ ಕಂಡರೂ ಜನರಿಗೆ ಆ ಧ್ವನಿ ಬೇಕಾಗಿಯೇ ಇತ್ತು. ಮುಂದೆ ಅವರು ಆ ಕಾರ್ಯವನ್ನು ಮಗ ಬಿಲ್ಲನಿಗೆ ಒಪ್ಪಿಸಿದರು.

ಆದರೆ 1972ರಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ತಂಡಗಳು ಎದುರಾದಾಗ ನಾಡು ಅವರನ್ನೇ ಕರೆಯಿತು. ಮಾಸ್ಕೋದ ಕೊನೆಯ ಪಂದ್ಯದಲ್ಲಿ 34 ಸೆಕೆಂಡುಗಳು ಉಳಿದಿದ್ದಾಗ ಪಾಲ್ ಹೆಂಡರ್ಸನ್ ಗೆಲುವಿನ ಗೋಲು ಹೊಡೆದರು. ಆ ಸಂತಸವನ್ನು ಮನೆಮನೆಗೆ ಮುಟ್ಟಿಸಿದ್ದು ಎಪ್ಪತ್ತರ ಹೊಸ್ತಿಲಲ್ಲಿದ್ದ ಹ್ಯೂಯಿಟರ ಕಂಠ.

ಅವರು 1985ರಲ್ಲಿ ನಿಧನರಾದರು. ತಾನು ಕಂಡುದನ್ನು ಕಾಣದವರಿಗೂ ಕಾಣಿಸುವುದೇ ಅವರ ಬಾಳಿನ ಸಾಧನೆ.