ಪಂಡಿತಾ ರಮಾಬಾಯಿಯವರ ಜೀವಿತವೂ ವಿಶ್ವಾಸವೂ

ಕಾರ್ಕಳದ ಸಮೀಪದಲ್ಲಿರುವ ಮಾಳವೆಂಬ ಗ್ರಾಮದ ಮೇಲ್ಗಡೆ, ಪಶ್ಚಿಮ ಘಟ್ಟದ ದಟ್ಟವಾದ ಅರಣ್ಯದೊಳಗೆ ಗಂಗಾಮೂಲವೆಂಬ ಸ್ಥಳವುಂಟು. ಕ್ರಿ. ಶ. 1858ನೆಯ ಇಸವಿ ಏಪ್ರಿಲ್ 23ರಂದು ಆ ಕಾಡಿನಲ್ಲಿ ಒಂದು ಹೆಣ್ಣು ಮಗುವು ಹುಟ್ಟಿತು. ಆ ಮಗುವೇ ಮುಂದೆ ಪಂಡಿತಾ ರಮಾಬಾಯಿ ಎಂದು ಲೋಕಪ್ರಸಿದ್ಧಳಾದಳು. ನಮ್ಮ ನಾಡಿನ ಮಣ್ಣಿನಲ್ಲಿ ಜನಿಸಿ, ಹೆಣ್ಣುಮಕ್ಕಳ ವಿದ್ಯೆಗೋಸ್ಕರ ತನ್ನ ಬಾಳನ್ನು ಸವೆಸಿದ ಈ ತಾಯಿಯ ಚರಿತ್ರೆಯನ್ನು ನಮ್ಮ ಶಾಲೆಯ ಸ್ಮಾರಕ ಸಂಚಿಕೆಯಲ್ಲಿ ನೆನೆಯುವುದು ಯುಕ್ತವಾಗಿದೆ.

ಅವರು ಕಾಡಿನಲ್ಲಿ ಹುಟ್ಟಿದುದಕ್ಕೆ ಕಾರಣವೇ ಸ್ತ್ರೀವಿದ್ಯೆ. ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರೂ ಸಂಸ್ಕೃತವನ್ನು ಕಲಿಯಬೇಕೆಂಬುದು ಅವರ ದೃಢವಾದ ಅಭಿಪ್ರಾಯ. ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಆ ವಿದ್ಯೆಯನ್ನು ಕಲಿಸತೊಡಗಿದಾಗ ಊರಿನವರಿಂದಲೂ ಬಂಧುಗಳಿಂದಲೂ ವಿರೋಧವುಂಟಾಯಿತು. ಆಗ ಅವರು ಕಾಡಿನಲ್ಲಿ ಮನೆ ಕಟ್ಟಿ, ಅಲ್ಲಿಯೇ ಪಾಠಶಾಲೆಯನ್ನು ನಡಿಸಿದರು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿಸಿದರು. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯೆಂಬುದು ಇರಲಿಲ್ಲ. ಪುಣ್ಯಕ್ಷೇತ್ರಗಳಲ್ಲಿ ಪುರಾಣವನ್ನು ಓದುತ್ತ, ಜನರು ಕೊಟ್ಟ ಕಾಣಿಕೆಯಿಂದ ಜೀವಿಸುತ್ತ ಊರೂರು ತಿರುಗಿದರು. ಆ ತಿರುಗಾಟದ ನಡುವೆ ತಾಯಿಯೇ ಮುಂಜಾವಿನಲ್ಲಿ ಮಗಳನ್ನೆಬ್ಬಿಸಿ ಸಂಸ್ಕೃತವನ್ನು ಬಾಯಿಪಾಠ ಮಾಡಿಸಿದರು. ಬಾಲಕಿಯು ಮರಾಠಿಯೊಂದಿಗೆ ಕನ್ನಡ, ಹಿಂದೂಸ್ಥಾನಿ ಮುಂತಾದ ಭಾಷೆಗಳನ್ನೂ ದಾರಿಯಲ್ಲಿಯೇ ಕಲಿತುಕೊಂಡಳು.

1874ರಿಂದ ಮುಂದಣ ಕ್ಷಾಮದ ವರ್ಷಗಳಲ್ಲಿ ತಂದೆಯೂ, ತಾಯಿಯೂ, ಅಕ್ಕನೂ ಒಬ್ಬರ ಹಿಂದೆ ಒಬ್ಬರಾಗಿ ಹಸಿವಿನಿಂದಲೂ ರೋಗದಿಂದಲೂ ಮೃತರಾದರು. ತಾಯಿಯ ಶವವನ್ನು ಹೊರುವುದಕ್ಕೆ ಸಾಕಷ್ಟು ಜನರು ದೊರೆಯದೆ ಹೋದುದರಿಂದ ಮಗಳೇ ನಾಲ್ಕನೆಯವಳಾಗಿ ಹೆಗಲು ಕೊಡಬೇಕಾಯಿತು. ಎತ್ತರವು ಸಾಲದ ಕಾರಣ ಆಕೆಯು ಆ ಭಾರವನ್ನು ತಲೆಯ ಮೇಲೆ ಹೊತ್ತಳು. ಉಳಿದ ಅಣ್ಣ ತಂಗಿಯರಿಬ್ಬರು ಸಾವಿರಾರು ಮೈಲು ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಈ ಯುವತಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನಿತ್ತರು.

ಕೀರ್ತಿಯು ಬಂತು, ಆದರೆ ಮನಶ್ಶಾಂತಿಯು ಬರಲಿಲ್ಲ. ಕಲ್ಕತ್ತೆಯಲ್ಲಿ ಅವರು ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಂತೆಲ್ಲಾ ಒಂದೇ ಪ್ರಶ್ನೆಯು ಅವರನ್ನು ಕಾಡಿತು. ಹೆಣ್ಣಾಗಿ ಹುಟ್ಟಿದವಳಿಗೆ, ಹೆಣ್ಣಾಗಿರುವಾಗಲೇ, ದೇವರ ಸನ್ನಿಧಿಯಲ್ಲಿ ಸ್ಥಾನವುಂಟೇ ಎಂಬುದೇ ಆ ಪ್ರಶ್ನೆ. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರ್ಷ ಅವರು ಬೇರೆ ಜಾತಿಯವರಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರನ್ನು ವಿವಾಹವಾದರು. ಮನೋರಮಾ ಎಂಬ ಮಗಳು ಹುಟ್ಟಿದಳು. ಆದರೆ 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತನಾಲ್ಕು ವರ್ಷ ತುಂಬುವುದರೊಳಗೆ ರಮಾಬಾಯಿಯು ವಿಧವೆಯಾದರು. ಪತಿಯ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿಯಲ್ಲಿ ಮುದ್ರಿತವಾದ ಲೂಕನ ಸುವಾರ್ತೆಯು ದೊರಕಿತ್ತು. ಅದನ್ನು ಅವರು ಆಸಕ್ತಿಯಿಂದ ಓದಿದ್ದರು.

ಪುಣೆಗೆ ಬಂದು, ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸರಕಾರದ ಶಿಕ್ಷಣ ಆಯೋಗದ ಮುಂದೆ ಅಧ್ಯಾಪಿಕೆಯರೂ ಸ್ತ್ರೀವೈದ್ಯರೂ ಬೇಕೆಂದು ಸಾಕ್ಷಿ ನುಡಿದರು. 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದರು. ಕಿವಿಯ ಮಂದತೆಯಿಂದ ಆ ಉದ್ದೇಶವು ಕೈಗೂಡಲಿಲ್ಲ. ಅಲ್ಲಿ ವಾಂಟೇಜಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಇಳಿದುಕೊಂಡಿದ್ದಾಗ, ಲಂಡನ್ನಿನ ಫುಲ್ಹಾಮಿನಲ್ಲಿ ಆ ಸಹೋದರಿಯರು ದಾರಿತಪ್ಪಿದ ಹೆಂಗಸರನ್ನು ಪ್ರೀತಿಯಿಂದ ಪರಾಮರಿಸುವುದನ್ನು ಕಂಡರು. ಲೋಕವು ತಳ್ಳಿಬಿಟ್ಟವರನ್ನು ಇವರೇಕೆ ಆದರಿಸುತ್ತಾರೆಂದು ವಿಚಾರಿಸಲು, ಯೇಸು ಸ್ವಾಮಿಯು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಸಂಭಾಷಿಸಿದ ವೃತ್ತಾಂತವನ್ನು ಅವರಿಗೆ ತಿಳಿಸಿದರು. ಕಲ್ಕತ್ತೆಯಲ್ಲಿ ಹುಟ್ಟಿದ ಪ್ರಶ್ನೆಗೆ ಇಲ್ಲಿ ಉತ್ತರವು ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಕ್ರೈಸ್ತಳಾದ ಮಾತ್ರಕ್ಕೆ ರಮಾಬಾಯಿಯು ತನ್ನತನವನ್ನು ಬಿಟ್ಟುಕೊಡಲಿಲ್ಲ. ಬಿಳಿಯ ಸೀರೆಯನ್ನೂ ಶಾಕಾಹಾರವನ್ನೂ ಪರದೇಶದಲ್ಲಿಯೂ ಬಿಡಲಿಲ್ಲ. ತಿಳಿಯದ ಬೋಧನೆಯನ್ನು ತಿಳಿದೆನೆಂದು ಒಪ್ಪಿಕೊಳ್ಳದೆ, ತನ್ನನ್ನು ಕ್ರಿಸ್ತನ ಬಳಿಗೆ ನಡಿಸಿದ ಗುರುಸಮಾನರಾದ ಸಹೋದರಿಯರಿಗೂ ವಿನಯದಿಂದ, ಆದರೆ ನಿರ್ಭಯದಿಂದ, ಪತ್ರಗಳನ್ನು ಬರೆದು ವಾದಿಸಿದರು. ಶಿಲುಬೆಯ ಮೇಲೆ ಬರೆಯುವ ಮಾತುಗಳು ಲಾಟೀನಿನಲ್ಲಿಯೇ ಏಕಿರಬೇಕು, ನಮ್ಮ ಸಂಸ್ಕೃತದಲ್ಲಿ ಏಕಿರಬಾರದು ಎಂದು ಕೇಳಿದರು. ಮನಸ್ಸಾಕ್ಷಿಯನ್ನು ದೇವರಿಗೆ ಮಾತ್ರ ಅಧೀನಪಡಿಸಬೇಕೆಂಬುದೇ ಅವರ ನಿಲುವು.

1886ರಲ್ಲಿ ಅಮೇರಿಕಕ್ಕೆ ಹೋಗಿ, ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಮರುವರ್ಷ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಸ್ನೇಹಿತರ ಸಹಾಯದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದುಬಾಯಿಯು ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾಗಿ ಅವರ ಸೇವಾಕಾರ್ಯದಲ್ಲಿ ಜೊತೆಗಾತಿಯಾದಳು.

ಹೀಗೆ ಕಾರ್ಯವು ಬೆಳೆಯುತ್ತಿರುವಾಗಲೇ ರಮಾಬಾಯಿಯು ತನ್ನೊಳಗೆ ಒಂದು ಶೂನ್ಯವನ್ನು ಕಂಡರು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದಿದ್ದವು. ಸತ್ಯವೇದವನ್ನು ಬಲ್ಲರು, ಕ್ರೈಸ್ತ ಮತವನ್ನು ಬುದ್ಧಿಯಿಂದ ಒಪ್ಪಿದ್ದರು. ಆದರೆ ತಾನು ಮತವನ್ನು ಕಂಡುಕೊಂಡೆನೇ ಹೊರತು ಆ ಮತದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಳ್ಳಲಿಲ್ಲವೆಂದು 1891ರ ಸುಮಾರಿಗೆ ಅವರಿಗೆ ಅರಿವಾಯಿತು. ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಬೋಧಕರ ಆತ್ಮಕಥೆಯು ಈ ಅರಿವಿಗೆ ನೆರವಾಯಿತು. ತನ್ನ ವಿದ್ಯೆಯನ್ನೂ ಸತ್ಕ್ರಿಯೆಯನ್ನೂ ಆಧಾರವಾಗಿ ಹಿಡಿಯುವುದನ್ನು ಬಿಟ್ಟು, ಪಾಪಿಯಾಗಿ ಬರಿಗೈಯಿಂದ ರಕ್ಷಕನ ಬಳಿಗೆ ಬಂದಾಗ ಅವರಿಗೆ ಸಮಾಧಾನವು ದೊರಕಿತು. ಪಂಡಿತೆಯಾದವಳು ಮಗುವಿನಂತೆ ಕೈಚಾಚಿದಳು. ಆತ್ಮಿಕ ಬೆಳವಣಿಗೆಯು ಅಲ್ಲಿಂದಲೇ ಆರಂಭವಾಯಿತೆಂದು ಹೇಳಬಹುದು.

ಈ ಹೊಸ ಜೀವವು ಶೀಘ್ರವಾಗಿ ಪರೀಕ್ಷಿಸಲ್ಪಟ್ಟಿತು. ಸದನದಲ್ಲಿ ಯಾರ ಧರ್ಮಾಚಾರಕ್ಕೂ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿಯು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳುತ್ತಿದ್ದರು. ಇದರಿಂದ ಪುಣೆಯಲ್ಲಿ ಕೋಲಾಹಲವೆದ್ದಿತು. ಬಾಗಿಲನ್ನು ಮುಚ್ಚಿದ್ದರೆ ಎಲ್ಲವೂ ಶಾಂತವಾಗುತ್ತಿತ್ತೋ ಏನೋ. ಆಕೆಯು ಯಾರನ್ನೂ ಬಲಾತ್ಕರಿಸಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾಸಮಿತಿಯಿಂದ ದೂರವಾದರು. ಪೋಷಕರು ಅನೇಕ ಹುಡುಗಿಯರನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಮಕ್ಕಳಂತೆ ಸಾಕಿದವರು ಮೆಟ್ಟಲಿಳಿದು ಹೋಗುವುದನ್ನು ನೋಡುವುದು ಎಷ್ಟು ಕಠಿಣವೆಂಬುದನ್ನು ತಾಯಂದಿರೂ ಅಧ್ಯಾಪಿಕೆಯರೂ ಬಲ್ಲರು. ಹೋಗಲೊಪ್ಪಿಸಿದ ತಂದೆತಾಯಿಗಳ ಭಯವೂ ಮಕ್ಕಳ ಮೇಲಣ ಪ್ರೀತಿಯಿಂದಲೇ ಹುಟ್ಟಿದುದೆಂಬುದನ್ನು ನಾವು ಮರೆಯಬಾರದು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವುಂಟಾಯಿತು. ಹಸಿವೆಂದರೇನೆಂದು ರಮಾಬಾಯಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ತಾವೇ ಹೋಗಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದು, ಪುಣೆಯ ಪೂರ್ವಕ್ಕಿರುವ ಕೇಡಗಾಂವದ ಹೊಲದಲ್ಲಿ ನೆಲೆಗೊಳಿಸಿದರು. ಆ ಆಶ್ರಮಕ್ಕೆ ಮುಕ್ತಿ ಎಂದು ಹೆಸರಾಯಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಹತ್ತಿರ ಹತ್ತಿರ 2,000 ಮಂದಿ ಆಶ್ರಯ ಪಡೆದಿದ್ದರು. ಓದುಬರಹದೊಂದಿಗೆ ನೇಯ್ಗೆ, ಬೇಸಾಯ, ಅಚ್ಚುಕೆಲಸ ಮುಂತಾದವುಗಳನ್ನು ಅವರು ಕಲಿತರು. ಕುರುಡಿಯರು ಕೂಡ ಬೆರಳಿನಿಂದ ಓದಲು ಕಲಿತರು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿಯೂ ಒಂದು ಕ್ರೈಸ್ತ ಶಾಲೆಯು ಆರಂಭವಾಗಿ, ಮನೋರಮಾಬಾಯಿಯು ಅದರ ಭಾರವನ್ನು ವಹಿಸಿದರು.

ಕೊನೆಯ ವರ್ಷಗಳನ್ನು ರಮಾಬಾಯಿಯು ಸತ್ಯವೇದದ ಭಾಷಾಂತರಕ್ಕೆ ಮೀಸಲಿಟ್ಟರು. ಹಳ್ಳಿಯ ಹೆಂಗಸಿಗೂ ತಿಳಿಯತಕ್ಕ ಸರಳ ಮರಾಠಿಯಲ್ಲಿ ಅದು ಇರಬೇಕೆಂದು ಬಯಸಿ, ಇಳಿವಯಸ್ಸಿನಲ್ಲಿ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿದರು. ಸಂಸ್ಕೃತದಲ್ಲಿ ಬಿರುದು ಪಡೆದ ಪಂಡಿತೆಯು ಓದು ಬಾರದವಳ ನುಡಿಯನ್ನು ಅರಸಿದುದು ಆಕೆಯ ದೀನತೆಗೆ ಸಾಕ್ಷಿಯಾಗಿದೆ. 1921ರ ಜುಲೈಯಲ್ಲಿ ಮನೋರಮೆಯು ತೀರಿಕೊಂಡಳು. ಕಿವಿಗೆ ಆಸರೆಯಾಗಿ, ಕೆಲಸಕ್ಕೆ ಬಲಗೈಯಾಗಿದ್ದ ಒಬ್ಬಳೇ ಮಗಳನ್ನು ಕಳೆದುಕೊಂಡರೂ ತಾಯಿಯು ಲೇಖನಿಯನ್ನು ಕೆಳಗಿಡಲಿಲ್ಲ. ಭಾಷಾಂತರವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರಿಸಿದರು. ಮುಕ್ತಿಯ ಹೆಣ್ಣುಮಕ್ಕಳ ಕೈಯಿಂದಲೇ ಅಚ್ಚಾದ ಸಂಪೂರ್ಣ ಗ್ರಂಥವು 1924ರಲ್ಲಿ ಹೊರಬಂತು. ಕೇಡಗಾಂವದ ಆ ಆಶ್ರಮವು ಇಂದಿಗೂ ನಡೆಯುತ್ತಿದೆ.

ಪ್ರಿಯ ಸಹೋದರಿಯರೇ, ನಾವು ಈ ಶಾಲೆಯಿಂದ ಪ್ರಮಾಣಪತ್ರವನ್ನು ಪಡೆದು ಹೋದೆವು. ನಮ್ಮಲ್ಲಿ ಕೆಲವರ ಹೆಸರು ಸಭೆಯ ದಾಖಲೆಯಲ್ಲಿಯೂ ಇದೆ. ಇವೆರಡೂ ಒಳ್ಳೆಯವೇ. ಆದರೆ ಕಾಗದದ ಮೇಲಣ ಹೆಸರು ಹೃದಯದ ಜೀವವಾಗುವ ದಿನವನ್ನು ಬೇರೆ ಯಾರೂ ನಮಗಾಗಿ ಕಾಣಲಾರರು. ರಮಾಬಾಯಿಯವರಿಗೇ ಅದಕ್ಕೆ ಎಂಟು ವರ್ಷಗಳು ಬೇಕಾದವು. ತಂದೆತಾಯಿಗಳೇ, ನಿಮ್ಮ ಹೆಣ್ಣುಮಕ್ಕಳು ಪ್ರಶ್ನೆ ಕೇಳಿದರೆ ಗದರಿಸಬೇಡಿರಿ. ಪ್ರಾರ್ಥನೆಯ ಕೋಣೆಗೆ ಅವರನ್ನು ಎಳೆದೊಯ್ಯಲೂಬೇಡಿರಿ. ನೀವು ಪ್ರಾರ್ಥಿಸುವಾಗ ಬಾಗಿಲನ್ನು ಮಾತ್ರ ತೆರೆದಿಡಿರಿ.