ಮಾತಿಗೆ ಬೆಲೆ ತಂದ ಸಿಲ್ವೇನಸ್ ಥೇಯರ್

ಅಮೆರಿಕದ ಹಡ್ಸನ್ ನದಿಯ ದಡದಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಆರಂಭವಾದದ್ದು 1802ರಲ್ಲಿ. ಆದರೆ ಅದರ ಪಿತಾಮಹ ಎಂದು ಕರೆಯುವುದು ಹದಿನೈದು ವರ್ಷಗಳ ನಂತರ ಅಲ್ಲಿಗೆ ಮುಖ್ಯಸ್ಥರಾಗಿ ಬಂದ ಸಿಲ್ವೇನಸ್ ಥೇಯರ್ ಅವರನ್ನು.

ಥೇಯರ್ 1785ರ ಜೂನ್ 9ರಂದು ಮ್ಯಾಸಚೂಸೆಟ್ಸ್‌ನ ಬ್ರೈನ್‌ಟ್ರೀಯಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ, 1808ರಲ್ಲಿ ವೆಸ್ಟ್ ಪಾಯಿಂಟ್‌ನಿಂದ ಹೊರಬಂದು ಸೇನೆಯಲ್ಲಿ ಎಂಜಿನಿಯರ್ ಆದರು. 1815ರಲ್ಲಿ ಸರ್ಕಾರ ಅವರನ್ನು ಫ್ರಾನ್ಸ್‌ಗೆ ಕಳುಹಿಸಿತು. ಅಲ್ಲಿನ ಸೇನಾ ಶಾಲೆಗಳ ಪಾಠಕ್ರಮವನ್ನು ಅಭ್ಯಾಸ ಮಾಡಿ, ಅಕಾಡೆಮಿಗಾಗಿ ಸುಮಾರು ಒಂದು ಸಾವಿರ ಪುಸ್ತಕಗಳನ್ನು ತಂದರು.

1817ರಲ್ಲಿ ಅಧಿಕಾರ ವಹಿಸಿಕೊಂಡಾಗ ಅಕಾಡೆಮಿಯಲ್ಲಿ ಶಿಸ್ತು ಹದಗೆಟ್ಟಿತ್ತು, ಪಕ್ಷಪಾತ ಬೇರೂರಿತ್ತು. ಥೇಯರ್ ಮೊದಲು ಎಲ್ಲರನ್ನೂ ಪರೀಕ್ಷಿಸಿ, ಯೋಗ್ಯತೆ ಇಲ್ಲದವರನ್ನು ಮನೆಗೆ ಕಳುಹಿಸಿದರು. ತರಗತಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿದರು. ಪ್ರತಿ ವಿದ್ಯಾರ್ಥಿಯೂ ದಿನವೂ ಕಪ್ಪುಹಲಗೆಯ ಮುಂದೆ ನಿಂತು ಪಾಠ ಒಪ್ಪಿಸಬೇಕು, ದಿನವೂ ಅಂಕ ಪಡೆಯಬೇಕು. ದಿನದಿನವೂ ಹೀಗೆ ಒರೆಗೆ ಹಚ್ಚಿದ ಮೇಲೆ ಕದ್ದು ಪಾಸಾಗುವ ದಾರಿ ತಾನಾಗಿಯೇ ಕಿರಿದಾಗುತ್ತದೆ. ಮನೆಯಿಂದ ಹಣ ತರಿಸಿಕೊಳ್ಳುವಂತಿರಲಿಲ್ಲ. ಸಿರಿವಂತರ ಮಗನಿಗೂ ಬಡವರ ಮಗನಿಗೂ ಒಂದೇ ಊಟ, ಒಂದೇ ಉಡುಪು. ತಪ್ಪಿಗೆ ತಕ್ಕಂತೆ ದೋಷಾಂಕ ಬೀಳುತ್ತಿತ್ತು. 1829ರಲ್ಲಿ ತೇರ್ಗಡೆಯಾದ ರಾಬರ್ಟ್ ಇ. ಲೀ ಒಂದೂ ದೋಷಾಂಕವಿಲ್ಲದೆ ಓದು ಮುಗಿಸಿದ್ದರು.

ಇಷ್ಟೆಲ್ಲ ಬಿಗಿಯ ನಡುವೆ ಒಂದು ನಂಬಿಕೆಯೂ ಇತ್ತು. ವಿದ್ಯಾರ್ಥಿ ಹೇಳಿದ ಮಾತನ್ನು ಸೇನಾಧಿಕಾರಿಯ ಮಾತಿನಂತೆಯೇ ಸ್ವೀಕರಿಸುವುದು ರೂಢಿ. ಆದ್ದರಿಂದ ಸುಳ್ಳು ಹೇಳುವುದು ಬಹುದೊಡ್ಡ ಅಪರಾಧವಾಗಿತ್ತು. ವೆಸ್ಟ್ ಪಾಯಿಂಟ್‌ನ ಗೌರವ ಸಂಹಿತೆ ಬೆಳೆದದ್ದು ಈ ಬೇರಿನಿಂದ.

ಪರೀಕ್ಷೆ ಥೇಯರ್ ಅವರಿಗೂ ಎದುರಾಯಿತು. ಅಕಾಡೆಮಿ ಹೊರಹಾಕಿದ ವಿದ್ಯಾರ್ಥಿಗಳನ್ನು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮತ್ತೆ ಸೇರಿಸತೊಡಗಿದರು. ಶಿಫಾರಸು ಇದ್ದವರಿಗೆ ನಿಯಮ ಅನ್ವಯಿಸದಿದ್ದರೆ, ಇಲ್ಲದವರಿಗೆ ಯಾವ ಮುಖದಿಂದ ಅನ್ವಯಿಸುವುದು? ಹದಿನಾರು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆಯನ್ನು ಥೇಯರ್ 1833ರಲ್ಲಿ ಬಿಟ್ಟು ಹೊರಟರು. ಮುಂದೆ ಬಹುಕಾಲ ಬಾಸ್ಟನ್ ಬಂದರಿನ ಕೋಟೆಗಳನ್ನು ಕಟ್ಟಿಸಿದರು. ಅವಿವಾಹಿತರಾಗಿಯೇ ಉಳಿದ ಅವರು 1867ರಲ್ಲಿ ತಮ್ಮ ಉಳಿತಾಯದಿಂದ ಡಾರ್ಟ್‌ಮತ್‌ನಲ್ಲಿ ಎಂಜಿನಿಯರಿಂಗ್ ಶಾಲೆಗೆ ದಾನ ನೀಡಿ, 1872ರ ಸೆಪ್ಟೆಂಬರ್ 7ರಂದು ಹುಟ್ಟೂರಿನಲ್ಲಿ ನಿಧನರಾದರು.

1922ರಲ್ಲಿ, ಡಗ್ಲಾಸ್ ಮೆಕಾರ್ಥರ್ ಮುಖ್ಯಸ್ಥರಾಗಿದ್ದಾಗ, ವಿದ್ಯಾರ್ಥಿಗಳದೇ ಗೌರವ ಸಮಿತಿಗೆ ಅಧಿಕೃತ ಮನ್ನಣೆ ದೊರೆಯಿತು. ಆದರೂ 1951ರಲ್ಲಿ ಪರೀಕ್ಷಾ ಅಕ್ರಮಕ್ಕಾಗಿ 90 ಮಂದಿ ಅಕಾಡೆಮಿ ಬಿಡಬೇಕಾಯಿತು. ಒಂದೇ ಪ್ರಶ್ನೆಪತ್ರಿಕೆಯನ್ನು ಎರಡು ಗುಂಪುಗಳಿಗೆ ಬೇರೆ ಬೇರೆ ದಿನ ಕೊಡುತ್ತಿದ್ದರು. ಮೊದಲು ಬರೆದವರು ನಂತರದವರಿಗೆ ಪ್ರಶ್ನೆ ತಿಳಿಸಿದ್ದರು. ಶಿಕ್ಷೆಗೊಳಗಾದವರಲ್ಲಿ ಅಕಾಡೆಮಿಯ ಹೆಸರಾಂತ ಫುಟ್‌ಬಾಲ್ ಆಟಗಾರರೂ ಇದ್ದರು. ಆಟದ ಕೀರ್ತಿ ಅವರನ್ನು ಉಳಿಸಲಿಲ್ಲ.

ನಮ್ಮ ಮೇಲೆ ಇಟ್ಟ ನಂಬಿಕೆಯೂ ಒಂದು ಅಮಾನತ್. ಮೇಲ್ವಿಚಾರಕರು ಕೊಠಡಿಯಲ್ಲಿ ಇರಲಿ, ಇಲ್ಲದಿರಲಿ, ಅದನ್ನು ಕಾಯುವ ಹೊಣೆ ಪ್ರಶ್ನೆಪತ್ರಿಕೆ ಹಿಡಿದು ಕುಳಿತವರದೇ.