ಹಳ್ಳಿಯ ದೀಪವೂ ಸದಸ್ಯನ ಮತವೂ — ಸೆನೆಟರ್ ನಾರಿಸ್ ಮಹಾಶಯರು

ಸೆಪ್ಟೆಂಬರ್ ತಿಂಗಳು ಬಂದಿತೆಂದರೆ ನಮ್ಮ ನಾಡಿನ ಸಹಕಾರೀ ಸಂಘಗಳಿಗೆ ವಾರ್ಷಿಕ ಸರ್ವಸಾಧಾರಣ ಸಭೆಗಳ ಕಾಲ. ಸಭೆಯ ನೋಟೀಸು ಮನೆಮನೆಗೆ ಬರುವುದು. ಅಢಾವೆ ಪತ್ರಿಕೆಯು ಅಚ್ಚಾಗುವುದು. ಕೆಲವರು ಬಂದು ರುಜು ಹಾಕಿ, ಚಹಾ ಕುಡಿದು, ಓದಿದ ಠರಾವುಗಳಿಗೆಲ್ಲ ಕೈಯೆತ್ತಿ ಹೊರಟುಹೋಗುವರು. ಬಹುಮಂದಿ ಬರುವುದೇ ಇಲ್ಲ. ಇದೇ ಸೆಪ್ಟೆಂಬರ್ ತಿಂಗಳ 2ನೆಯ ತಾರೀಖಿನಂದು, 1944ನೆಯ ಇಸವಿಯಲ್ಲಿ, ಅಮೇರಿಕೆಯ ನೆಬ್ರಾಸ್ಕ ಸಂಸ್ಥಾನದ ಮೆಕ್‌ಕುಕ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ವಿಲಿಯಂ ನಾರಿಸ್ ಎಂಬ ಮಹನೀಯರು ತಮ್ಮ 83ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ದೇಶದ ಹಳ್ಳಿಗಳಿಗೆ ವಿದ್ಯುದ್ದೀಪವನ್ನು ತಂದವರಲ್ಲಿ ಅವರು ಅಗ್ರಗಣ್ಯರು. ದೀಪಕ್ಕಾಗಿ ಎಷ್ಟು ಹೋರಾಡಿದರೋ, ಸಭೆಯಲ್ಲಿ ಕುಳಿತ ಸಾಮಾನ್ಯನ ಮತಕ್ಕಾಗಿಯೂ ಅಷ್ಟೇ ಹೋರಾಡಿದವರವರು. ಆದುದರಿಂದ ಅವರ ಚರಿತ್ರೆಯನ್ನು ಈ ಕಾಲದಲ್ಲಿ ವಾಚಕರ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ನಾರಿಸರು 1861ರ ಜುಲೈ 11ರಂದು ಒಹಾಯೋ ಸಂಸ್ಥಾನದ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ಅವರಿಗೆ ಮೂರು ವರ್ಷ ತುಂಬಿದ ಸಾಲಿನಲ್ಲಿ ತಂದೆಯು ತೀರಿಕೊಂಡನು. ಅದೇ ವರ್ಷ ಹಿರಿಯಣ್ಣನು ಅಮೇರಿಕೆಯ ಅಂತರ್ಯುದ್ಧದಲ್ಲಿ ಮಡಿದನು. ವಿಧವೆಯಾದ ತಾಯಿಯು ಹೊಲ ಮನೆಗಳೆರಡನ್ನೂ ನಡೆಸಿ ಮಕ್ಕಳನ್ನು ಸಲಹಿದಳು. ಮುಪ್ಪಿನತ್ತ ಸಾಗಿದ್ದ ಆಕೆಯು ಒಂದು ದಿನ ಹಣ್ಣಿನ ಸಸಿಯನ್ನು ನೆಡುತ್ತಿರಲು, ಫಲ ಬರುವ ಹೊತ್ತಿಗೆ ತಾನೇ ಇರಲಾರದವಳು ಇದನ್ನೇಕೆ ನೆಡುತ್ತಿರುವಳೆಂದು ಬಾಲಕನು ಕೇಳಿದನಂತೆ. ಬೇರೆ ಯಾರಾದರೂ ಉಣ್ಣುವರೆಂದು ಆಕೆಯು ಉತ್ತರವಿತ್ತಳಂತೆ. ಈ ಮಾತನ್ನು ನಾರಿಸರು ಕಡೆಯವರೆಗೂ ಮರೆಯಲಿಲ್ಲ. ಹೊಲದಲ್ಲಿ ದುಡಿದು, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, 1883ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, 1885ರಲ್ಲಿ ಅವರು ಪಶ್ಚಿಮದ ನೆಬ್ರಾಸ್ಕಕ್ಕೆ ಹೋಗಿ ನೆಲೆಸಿದರು. ಮುಂದೆ ಅಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ಬರಗಾಲಗಳಿಂದ ರೈತರು ಸಾಲದಲ್ಲಿ ಮುಳುಗಿದ್ದ ಕಾಲವದು. ಹೊಲಗಳು ಹರಾಜಿಗೆ ಬರುತ್ತಿದ್ದ ವ್ಯವಹಾರಗಳು ದಿನಂಪ್ರತಿಯೂ ಅವರ ಮುಂದೆ ಬಂದುವು. ಒಕ್ಕಲಿಗನ ಸ್ಥಿತಿಯನ್ನು ಅವರು ಕಂಡದ್ದು ಆ ನ್ಯಾಯಪೀಠದಲ್ಲಿ ಕುಳಿತು.

1902ರ ಚುನಾವಣೆಯಲ್ಲಿ ಗೆದ್ದು ಅವರು ರಾಜಧಾನಿಯಾದ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಹೋದರು. ಸ್ವಪಕ್ಷವಾದ ರಿಪಬ್ಲಿಕನ್ ಪಕ್ಷವೇ ಅಲ್ಲಿ ಬಹುಮತದಲ್ಲಿದ್ದಿತು. ಸಭಾಧ್ಯಕ್ಷನಾದ ಜೋಸೆಫ್ ಕ್ಯಾನನ್ನನೂ ಅದೇ ಪಕ್ಷದವನು. ಸಮಿತಿಗಳಿಗೆ ಸದಸ್ಯರನ್ನು ನೇಮಿಸುವವನು ಅವನು. ಯಾವ ಮಸೂದೆಯು ಸಭೆಯ ಮುಂದೆ ಬರಬೇಕು, ಯಾವುದು ಬರಕೂಡದು ಎಂಬುದನ್ನು ನಿರ್ಣಯಿಸುವ ನಿಯಮ ಸಮಿತಿಗೆ ಅಧ್ಯಕ್ಷನೂ ಅವನೇ. ಹೀಗಿರಲಾಗಿ ಜನರು ಆರಿಸಿ ಕಳುಹಿಸಿದ ನೂರಾರು ಪ್ರತಿನಿಧಿಗಳಿಗೆ ಕೈಯೆತ್ತುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. 1910ರ ಮಾರ್ಚ್ 17ರಂದು ಸಮಯ ಸಾಧಿಸಿ ನಾರಿಸರು ತಮ್ಮ ಠರಾವನ್ನು ಮುಂದಿಟ್ಟರು. ನಿಯಮ ಸಮಿತಿಯನ್ನು ಸಭೆಯೇ ಚುನಾಯಿಸಬೇಕು, ಅದರಲ್ಲಿ ಸಭಾಧ್ಯಕ್ಷನಿಗೆ ಸ್ಥಾನವಿರಕೂಡದು ಎಂಬುದೇ ಅದರ ತಾತ್ಪರ್ಯ. ರಾತ್ರಿಯಿಡೀ ವಾಗ್ವಾದವು ನಡೆಯಿತು. 19ನೆಯ ತಾರೀಖಿನಂದು 156ಕ್ಕೆ ವಿರುದ್ಧವಾಗಿ 191 ಮತಗಳಿಂದ ಅದು ಅಂಗೀಕೃತವಾಯಿತು. ತಮ್ಮ ಪಕ್ಷದ ಪ್ರಮುಖನನ್ನೇ ಎದುರಿಸಿ, ಸಭೆಯನ್ನು ಸಭಿಕರಿಗೆ ಮರಳಿ ಕೊಡಿಸಿದ ಈ ಕಾರ್ಯವೇ ಅವರ ಮುಂದಿನ ಕಾರ್ಯಗಳಿಗೆಲ್ಲ ಬೀಗದ ಕೈಯೆಂದು ನಮ್ಮ ಅಭಿಪ್ರಾಯ.

1913ರಲ್ಲಿ ಅವರು ಸೆನೆಟ್ ಸಭೆಯನ್ನು ಪ್ರವೇಶಿಸಿದರು. 1917ರಲ್ಲಿ ಅಮೇರಿಕೆಯು ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ವಿರುದ್ಧವಾಗಿ ಮತವಿತ್ತ ಸೆನೆಟರುಗಳು ಆರೇ ಮಂದಿ, ಅವರಲ್ಲಿ ನಾರಿಸರೊಬ್ಬರು. ದೇಶದ್ರೋಹಿಯೆಂದು ಅವರನ್ನು ಹಳಿದವರಿಗೆ ಲೆಕ್ಕವಿಲ್ಲ. ಆ ಮತದಾನಕ್ಕೆ ಕೆಲವು ದಿನ ಮುಂಚೆಯೇ ಇಂತಹ ನಿಂದೆಯು ಎದ್ದಿದ್ದಾಗ ಅವರು ಮಾಡಿದುದೇನು? ತಮ್ಮ ಸಂಸ್ಥಾನದ ರಾಜಧಾನಿಯಾದ ಲಿಂಕನ್ ನಗರಕ್ಕೆ ತಾವಾಗಿಯೇ ಹೋಗಿ, ಸಭೆ ಕರೆದು, ತಮ್ಮನ್ನು ಆರಿಸಿದ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಿದರು. ಚುನಾಯಿತನಾದವನು ಚುನಾಯಿಸಿದವರ ಎದುರು ನಿಲ್ಲಲು ಹೆದರಕೂಡದೆಂಬುದು ಅವರ ನಡತೆಯಿಂದಲೇ ಸ್ಪಷ್ಟವಾಗುವುದು.

ಇನ್ನು ವಿದ್ಯುಚ್ಛಕ್ತಿಯ ವಿಷಯ. ಅಲಬಾಮಾ ಸಂಸ್ಥಾನದ ಮಸಲ್ ಷೋಲ್ಸ್ ಎಂಬಲ್ಲಿ ಟೆನೆಸೀ ನದಿಗೆ ಯುದ್ಧಕಾಲದಲ್ಲಿ ಸರಕಾರವು ದೊಡ್ಡದೊಂದು ಅಣೆಕಟ್ಟನ್ನು ಕಟ್ಟಲಾರಂಭಿಸಿದ್ದಿತು. ಯುದ್ಧವು ಮುಗಿದ ಮೇಲೆ ಅದು ಯಾರಿಗೆ ಸೇರಬೇಕೆಂಬ ಪ್ರಶ್ನೆ ಹುಟ್ಟಿತು. ಮೋಟಾರು ಕಾರಖಾನೆಗಳ ಒಡೆಯನಾದ ಹೆನ್ರಿ ಫೋರ್ಡನು 1921ರಲ್ಲಿ ಅಲ್ಲಿನ ಕಾರಖಾನೆಗಳಿಗೆ 50 ಲಕ್ಷ ಡಾಲರು ಕೊಡುವೆನೆಂದೂ ಅಣೆಕಟ್ಟನ್ನು ನೂರು ವರ್ಷಗಳ ಗುತ್ತಿಗೆಗೆ ಪಡೆಯುವೆನೆಂದೂ ಮುಂದೆ ಬಂದನು. ಪ್ರಜೆಗಳ ಹಣದಿಂದ ಕಟ್ಟಿದ ಕಟ್ಟೆಯ ಫಲವು ಪ್ರಜೆಗಳಿಗೇ ಸಲ್ಲಬೇಕೆಂದು ನಾರಿಸರು ಹಟ ಹಿಡಿದರು. 1924ರಲ್ಲಿ ಫೋರ್ಡನು ಹಿಂಜರಿದನು. 1928ರಲ್ಲಿ ಇವರ ಮಸೂದೆಯು ಎರಡೂ ಸಭೆಗಳನ್ನು ದಾಟಿತು. ಅಧ್ಯಕ್ಷ ಕೂಲಿಜ್ ರುಜು ಹಾಕಲಿಲ್ಲ. 1931ರಲ್ಲಿ ಮತ್ತೆ ದಾಟಿತು. ಅಧ್ಯಕ್ಷ ಹೂವರ್ ತಿರಸ್ಕರಿಸಿದರು. 1933ರ ಮೇ 18ರಂದು ಅಧ್ಯಕ್ಷ ರೂಸ್‌ವೆಲ್ಟರ ರುಜುವಿನಿಂದ ಟೆನೆಸೀ ಕಣಿವೆಯ ಪ್ರಾಧಿಕಾರದ ಶಾಸನವು ಜಾರಿಗೆ ಬಂದಿತು. ಹನ್ನೆರಡು ವರ್ಷಗಳ ಹೋರಾಟವಿದು. ಆ ಪ್ರಾಧಿಕಾರವು 1936ರಲ್ಲಿ ಕಟ್ಟಿ ಮುಗಿಸಿದ ಮೊದಲ ಅಣೆಕಟ್ಟಿಗೆ ನಾರಿಸರ ಹೆಸರನ್ನೇ ಇಟ್ಟಿದೆ.

ಆದರೆ ಕಟ್ಟೆಯಲ್ಲಿ ಹುಟ್ಟಿದ ಶಕ್ತಿಯು ಹೊಲದ ನಡುವಿನ ಒಂಟಿಮನೆಗೆ ಬಂದು ಸೇರುವುದು ಹೇಗೆ? 1935ರ ಸುಮಾರಿಗೆ ಅಮೇರಿಕೆಯ ಪಟ್ಟಣಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ವಿದ್ಯುತ್ತು ಇದ್ದಿತು. ಒಕ್ಕಲು ಮನೆಗಳಲ್ಲಿ ನೂರಕ್ಕೆ ಹತ್ತರಷ್ಟಕ್ಕೆ ಮಾತ್ರ. ಮಿಕ್ಕವರಿಗೆ ಸೀಮೆಯೆಣ್ಣೆಯ ದೀಪವೇ ಗತಿ. ಹೆಂಗಸರು ಬಾವಿಯಿಂದ ನೀರು ಸೇದಿ ಹೊತ್ತು ಬೆನ್ನು ಬಾಗಿಸಿಕೊಂಡಿದ್ದರು. ಮೈಲಿಗೆ ಮೂರು ಮನೆಗಳಿರುವಲ್ಲಿ ತಂತಿಯೆಳೆದರೆ ಲಾಭವಿಲ್ಲವೆಂದು ಖಾಸಗಿ ಕಂಪೆನಿಗಳು ಹೇಳಿದುವು. ವಿದ್ಯುತ್ತು ನಿಜವಾಗಿ ಬೇಕಾದ ರೈತರಿಗೆ ಅದು ಬಹುಮಟ್ಟಿಗೆ ದೊರೆತಾಗಿದೆಯೆಂದೂ ವಾದಿಸಿದುವು. ನಮ್ಮಲ್ಲಿಯೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಓಡಿದುದು ಕೋಲಾರದ ಚಿನ್ನದ ಗಣಿಗೆ. ದಾರಿಯ ಹಳ್ಳಿಗಳ ತಲೆಯ ಮೇಲೆ ತಂತಿಯು ಹಾದುಹೋಯಿತೆಂಬುದನ್ನು ವಾಚಕರು ಬಲ್ಲರು.

1935ರ ಮೇ 11ರಂದು ರೂಸ್‌ವೆಲ್ಟರು ತಮ್ಮ ಆಜ್ಞೆಯಿಂದ ಗ್ರಾಮ ವಿದ್ಯುದೀಕರಣ ಇಲಾಖೆಯನ್ನು ಸ್ಥಾಪಿಸಿದರು. ಅದನ್ನು ಶಾಸನದ ಬುನಾದಿಯ ಮೇಲೆ ನಿಲ್ಲಿಸಿದವರು ಸೆನೆಟಿನಲ್ಲಿ ನಾರಿಸರು, ಪ್ರತಿನಿಧಿ ಸಭೆಯಲ್ಲಿ ಟೆಕ್ಸಾಸಿನ ಸ್ಯಾಮ್ ರೇಬರ್ನ್. ಸರಕಾರದ ಸಾಲವು ಸಾರ್ವಜನಿಕ ಸಂಸ್ಥೆಗಳಿಗೂ ಸಹಕಾರೀ ಸಂಘಗಳಿಗೂ ಮಾತ್ರ ಸಲ್ಲಬೇಕೆಂಬುದು ನಾರಿಸರ ಪಟ್ಟು. ಕಂಪೆನಿಗಳಿಗೂ ಸಲ್ಲಲೆಂಬುದು ಪ್ರತಿನಿಧಿ ಸಭೆಯ ಮತ. ಸಾರ್ವಜನಿಕ ಸಂಸ್ಥೆಗಳಿಗೂ ಸಹಕಾರಿಗಳಿಗೂ ಮೊದಲ ಆದ್ಯತೆಯೆಂದು ಕಡೆಗೆ ಒಪ್ಪಂದವಾಗಿ, 1936ರ ಮೇ ತಿಂಗಳಲ್ಲಿ ಶಾಸನವು ಸಿದ್ಧವಾಯಿತು. ಈ ಒಂದು ಮಾತಿನಲ್ಲಿಯೇ ಎಲ್ಲವೂ ಅಡಗಿದ್ದಿತು. ತಂತಿಯ ಒಡೆತನವು ಯಾರದೋ ಅವರದೇ ದರ, ಅವರದೇ ಮಾತು.

ಶಾಸನವು ಬಂದ ಮೇಲೆ ಒಕ್ಕಲಿಗರು ನೆರೆಹೊರೆಯ ಮನೆಗಳನ್ನು ಸುತ್ತಿ, ಸಾಮಾನ್ಯವಾಗಿ ಐದು ಡಾಲರಿನ ಪ್ರವೇಶ ಶುಲ್ಕವನ್ನು ಸಂಗ್ರಹಿಸಿ, ಸಂಘಗಳನ್ನು ಕಟ್ಟಿದರು. ಸಂಘದ ಸುದ್ದಿ ಕಿವಿಗೆ ಬಿದ್ದೊಡನೆ ಕೆಲವು ಕಂಪೆನಿಗಳು ಸಿರಿವಂತರ ಹೊಲಗಳಿಗೆ ಮಾತ್ರ ತಟ್ಟನೆ ತಂತಿಯೆಳೆದು ಒಗ್ಗಟ್ಟನ್ನು ಮುರಿಯಲು ಹವಣಿಸಿದುವು. ಆದರೂ ಸಂಘಗಳು ನಿಂತುವು. ನೂರು ಎಕರೆಯವನಿಗೂ ಹತ್ತು ಎಕರೆಯವನಿಗೂ ಒಂದೇ ಮತ, ವರ್ಷಕ್ಕೊಮ್ಮೆ ಮಹಾಸಭೆ, ಅಲ್ಲಿ ಸದಸ್ಯರೊಳಗಿನಿಂದಲೇ ಆಡಳಿತ ಮಂಡಲಿಯ ಚುನಾವಣೆ, ಮಂಡಲಿಯು ವ್ಯವಸ್ಥಾಪಕನನ್ನು ನೇಮಿಸುವುದು, ಖರ್ಚು ಕಳೆದು ಮಿಕ್ಕ ಹಣವು ಸದಸ್ಯರ ಖಾತೆಗೇ ಸೇರುವುದು. ಆರಂಭದ ವರ್ಷಗಳಲ್ಲಿ ಮಹಾಸಭೆಯೆಂದರೆ ಜಾತ್ರೆ. ಹೆಂಡಿರು ಮಕ್ಕಳೊಡನೆ ಜನರು ನೆರೆದು, ಲೆಕ್ಕ ಕೇಳಿ, ಮತವಿತ್ತು, ಒಟ್ಟಿಗೆ ಉಂಡು ಮನೆಗೆ ಹೋಗುತ್ತಿದ್ದರು. 1950ರ ದಶಕದ ನಡುವಿನ ವೇಳೆಗೆ ಆ ದೇಶದ ಒಕ್ಕಲು ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ದೀಪ ಹತ್ತಿದ್ದುವು. ನಾರಿಸರು ಅದನ್ನು ಕಾಣಲು ಉಳಿದಿರಲಿಲ್ಲ. ತಾಯಿಯು ನೆಟ್ಟ ಸಸಿಯಂತೆಯೇ ಇದೂ ಆಯಿತು.

ಇದೇ ಕಾಲದಲ್ಲಿ ಅವರು ಮತದಾನದ ಕ್ರಮವನ್ನೂ ತಿದ್ದುತ್ತಲೇ ಇದ್ದರು. ಚುನಾವಣೆಯಲ್ಲಿ ಸೋತವರು ತಿಂಗಳುಗಟ್ಟಲೆ ಸಭೆಯಲ್ಲಿಯೇ ಉಳಿದು ಶಾಸನ ಮಾಡುತ್ತಿದ್ದ ಪದ್ಧತಿಯು ಅವರ ಪ್ರಯತ್ನದಿಂದ 1933ರ ಸಂವಿಧಾನ ತಿದ್ದುಪಡಿಯ ಮೂಲಕ ನಿಂತಿತು. 1934ರಲ್ಲಿ 73 ವರ್ಷದ ಮುದುಕರು ಮೋಟಾರಿನಲ್ಲಿ ನೆಬ್ರಾಸ್ಕವನ್ನೆಲ್ಲ ಸುತ್ತಿ, ಎರಡು ಸಭೆಗಳ ಬದಲು ಪಕ್ಷಭೇದವಿಲ್ಲದ ಒಂದೇ ಶಾಸನಸಭೆಯು ಸಾಕೆಂದು ಜನರನ್ನು ಒಪ್ಪಿಸಿದರು. ಎರಡು ಸಭೆಗಳ ಪ್ರತಿನಿಧಿಗಳು ಕದ ಮುಚ್ಚಿಕೊಂಡು ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳುವುದು ಅವರಿಗೆ ಸಹಿಸದು. ಆ ಏಕಸಭೆಯು 1937ರಿಂದ ಇಂದಿನವರೆಗೂ ನಡೆದಿದೆ. ನೆಬ್ರಾಸ್ಕದಲ್ಲಿ ಮನೆಗಳಿಗೆ ವಿದ್ಯುತ್ತನ್ನು ಹಂಚುವ ಸಂಸ್ಥೆಗಳೆಲ್ಲವೂ ಇಂದಿಗೂ ಸಾರ್ವಜನಿಕವಾದುವು, ಇಲ್ಲವೆ ಸಹಕಾರಿಗಳು.

ಇಂತಹವರನ್ನು 1942ರ ಚುನಾವಣೆಯಲ್ಲಿ ಅದೇ ನೆಬ್ರಾಸ್ಕದ ಜನರು ಸೋಲಿಸಿದರು. ಯುದ್ಧದ ಕಾಲ, ರಾಜಧಾನಿಯ ಕೆಲಸವನ್ನು ಬಿಟ್ಟು ಅವರು ಮತ ಕೇಳಲು ಬಂದುದು ಬಹಳ ತಡವಾಗಿ. ಸೋಲು ಅವರ ಮನಸ್ಸನ್ನು ನೋಯಿಸಿತು. ಆದರೂ ತೀರ್ಪನ್ನು ಒಪ್ಪಿ ಊರಿಗೆ ಮರಳಿದರು. ಜೀವಮಾನವೆಲ್ಲ ಮತದ ಹಿರಿಮೆಯನ್ನು ಸಾರಿದವರು ಮತವು ತಮಗೆ ವಿರುದ್ಧವಾದಾಗ ಅದನ್ನು ತಲೆಬಾಗಿ ಸ್ವೀಕರಿಸಿದುದನ್ನು ನಾವು ಅವರ ಗೆಲುವುಗಳ ಸಾಲಿನಲ್ಲಿಯೇ ಸೇರಿಸುತ್ತೇವೆ.

ಈಗ ಅವರು ನೆಟ್ಟ ಮರದ ಸ್ಥಿತಿಯೇನು? ಅಮೇರಿಕೆಯಲ್ಲಿ ಇಂದು ಸುಮಾರು 900 ವಿದ್ಯುತ್ ಸಹಕಾರಿಗಳಿದ್ದು, ನಾಲ್ಕು ಕೋಟಿಗೂ ಮಿಕ್ಕ ಜನರಿಗೆ ಶಕ್ತಿಯನ್ನು ಒದಗಿಸುತ್ತಿವೆ. ತಂತಿಯು ಭದ್ರವಾಗಿದೆ; ಸಭೆಯು ಸೊರಗಿದೆ. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಮುಕ್ಕಾಲು ಪಾಲಿನಷ್ಟು ಸಂಘಗಳಲ್ಲಿ ಮಂಡಲಿಯ ಚುನಾವಣೆಗೆ ನೂರರಲ್ಲಿ ಹತ್ತು ಸದಸ್ಯರೂ ಮತವೀಯುವುದಿಲ್ಲ. ಕೋರಂ ತುಂಬಿಸಲು ಬಹುಮಾನಗಳ ಆಸೆ ತೋರಿಸಬೇಕಾಗಿದೆ. ಸದಸ್ಯನು ಬಾರದ ಸಭೆಯಲ್ಲಿ ಕುಳಿತವರೇ ಕುಳಿತಿರುವರು. ಅವರು ನೇಮಿಸಿದ ಸಮಿತಿಯೇ ಅಭ್ಯರ್ಥಿಯನ್ನು ಸೂಚಿಸುವುದು. ಒಬ್ಬನೇ ಅಭ್ಯರ್ಥಿ, ಅವಿರೋಧ ಆಯ್ಕೆ. ಟೆಕ್ಸಾಸಿನ ಪೆಡರ್ನಾಲೆಸ್ ಎಂಬ ಅತಿ ದೊಡ್ಡ ಸಂಘದಲ್ಲಿ ಇಂತಹ ಪದ್ಧತಿಯು ಬಹುಕಾಲ ನಡೆದು, 2007ರಲ್ಲಿ ಸದಸ್ಯರು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಮರುವರ್ಷ ಅನೇಕ ಅಭ್ಯರ್ಥಿಗಳು ನಿಂತ ನಿಜವಾದ ಚುನಾವಣೆಯು ನಡೆಯಿತು. ಕ್ಯಾನನ್ನನ ನಿಯಮ ಸಮಿತಿಯು ಬೇರೊಂದು ವೇಷದಿಂದ ಹಳ್ಳಿಯ ಸಂಘವನ್ನು ಹೊಕ್ಕಿದ್ದಿತು. ಸದಸ್ಯರು ಎಚ್ಚೆತ್ತಾಗ ಅದು ಹೊರಬಿದ್ದಿತು.

ಈ ಪಾಠವು ನಮಗೆ ದೂರದ್ದಲ್ಲ. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿ ದೇಶಕ್ಕೆ ಸಹಕಾರದ ಹಾದಿಯನ್ನು ತೋರಿದರು. ನಾರಿಸರ ಶಾಸನದಿಂದ ಹುಟ್ಟಿದ ಸಂಘಗಳ ಮಾದರಿಯ ಮೇಲೆ 1969ರ ಸುಮಾರಿಗೆ ಭಾರತದಲ್ಲಿ ಐದು ಗ್ರಾಮೀಣ ವಿದ್ಯುತ್ ಸಹಕಾರಿಗಳು ಪ್ರಯೋಗಾರ್ಥವಾಗಿ ಆರಂಭವಾದುವು. ಅವುಗಳಲ್ಲೊಂದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯದು, ಇಂದಿಗೂ ವಿದ್ಯುತ್ತನ್ನು ಹಂಚುತ್ತಿರುವುದು. ಪತ್ತಿನ ಸಂಘವಾಗಲಿ, ಹಾಲಿನ ಸಂಘವಾಗಲಿ, ವಿದ್ಯುತ್ತಿನ ಸಂಘವಾಗಲಿ, ಎಲ್ಲದರ ಜೀವವೂ ವರ್ಷದ ಆ ಒಂದು ದಿನದಲ್ಲಿರುವುದು.

ಶಾಸನವು ಸಾಲ ಕೊಡಬಲ್ಲುದು, ಕಂಬ ನೆಡಬಲ್ಲುದು, ಮತದ ಹಕ್ಕನ್ನೂ ಕೊಡಬಲ್ಲುದು. ಸದಸ್ಯನನ್ನು ಕೈಹಿಡಿದು ಸಭೆಗೆ ಕರೆತರುವ ಶಾಸನವನ್ನು ನಾರಿಸರಂತಹವರೂ ರಚಿಸಲಾರದೆ ಹೋದರು. ಆ ಕೆಲಸವು ನಮ್ಮ ನಮ್ಮದೇ. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಈ ಸಲ ಸಂಘದ ನೋಟೀಸು ಬಂದಾಗ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿ ಮರೆಯದಿರಿ. ಅಢಾವೆ ಪತ್ರಿಕೆಯನ್ನು ಓದಿಸಿಕೊಳ್ಳಿರಿ. ತಿಳಿಯದ ಅಂಕೆಯನ್ನು ಎದ್ದು ನಿಂತು ಕೇಳಿರಿ. ಮಂಡಲಿಗೆ ತಕ್ಕವರು ನಿಲ್ಲದಿದ್ದರೆ ನೀವೇ ನಿಲ್ಲಿರಿ. ಅರ್ಧ ದಿನದ ಕೆಲಸವು ಕೆಡುವುದು ನಿಜ. ಆ ಅರ್ಧ ದಿನವನ್ನು ಉಳಿಸಿಕೊಂಡವನು ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನಗಳಲ್ಲಿ ತನ್ನ ಸಂಘದಲ್ಲಿಯೇ ಪರಕೀಯನಾಗಿ ನಿಲ್ಲಬೇಕಾಗುವುದು.